ಸೋಮವಾರದ ಅಂಗಿ

ಹನ್ನೆರಡನೆಯ ದಿನದ ಊಟ ಮುಗಿದು, ನೆಂಟರೆಲ್ಲ ಹೊರಟು, ಬಾಡಿಗೆಯ ಹಂಡೆ ಕಡಾಯಿಗಳೂ ವಾಪಸು ಹೋದ ಮರುದಿನ ಬೆಳಿಗ್ಗೆ ನಾಗಿ ಮೀನಿನ ಬುಟ್ಟಿಯನ್ನು ಮತ್ತೆ ತಲೆಗೇರಿಸಿದಳು.

"ಎಂತ ಮಾಡೂದು ಮಗಾ, ಹೊಟ್ಟೆ ಕೇಳ್ತದಾ?" ಎಂದು ಸೊಸೆಯ ಮುಖ ನೋಡದೆ ಹೇಳಿದಳು. "ಗಂಜಿ ಮುಚ್ಚಿಟ್ಟಿದ್ದೆ. ಉಣ್ಣು."

ದಿವ್ಯಶ್ರೀ ತಲೆಯಾಡಿಸಿದಳು. ಹೊನ್ನಾವರಕ್ಕೆ ಶರಾವತಿಯ ಆಚೆ ದಡದ ಕಾಸರಕೋಡಿನ ಆ ಚಿಕ್ಕ ಮನೆಯೊಳಗೆ ಬಿಸಿಲು ಎಂದಿನ ಜಾಗದಲ್ಲೇ ಬಿದ್ದಿತ್ತು. ಬಾಗಿಲ ಹಿಂದಿನ ಮೊಳೆಯಲ್ಲಿ ಬಿಳಿ ಅಂಗಿಯೊಂದು ಹ್ಯಾಂಗರಿಗೆ ತೂಗುತ್ತಿತ್ತು.

ಚಾರ್ಜಿಗಿಟ್ಟಿದ್ದ ಗಂಡನ ಫೋನು ಗುಂಯ್ ಎಂದಿತು. 'ಪ್ರಿಯ ವಿನೋದ, ನಿಮ್ಮ ಕಾರ್ಡಿನ ಹಣ ಕಟ್ಟಲು ಐದನೇ ತಾರೀಕು ಕೊನೆಯ ದಿನ.'

ಪ್ರಿಯ ವಿನೋದ. ಮದುವೆಯಾದ ಮೇಲೆ ಅವಳೇ ಅವನನ್ನು ಹಾಗೆ ಒಮ್ಮೆಯೂ ಕರೆದಿರಲಿಲ್ಲ.

ಸತ್ತವರ ವಿಷಯ ಬ್ಯಾಂಕಿಗೆ ತಿಳಿಸಬೇಕು, ಕಾರ್ಡು ಮುಚ್ಚಿಸಬೇಕು. ಅದು ಅವಳಿಗೆ ಗೊತ್ತಿಲ್ಲದ್ದಲ್ಲ. ಧಾರವಾಡದಲ್ಲಿ ಎಂ.ಕಾಂ. ಓದಿ, ಹೊನ್ನಾವರದ ಮೊಬೈಲು, ಮಿಕ್ಸರಿನ ಅಂಗಡಿಯೊಂದರ ಫೈನಾನ್ಸ್ ಮೇಜಿನಲ್ಲಿ ಕೂತು ಇಂಥದ್ದನ್ನು ಊರಿಗೆಲ್ಲ ತಿಳಿಹೇಳುವುದೇ ಅವಳ ಕೆಲಸ. ಆದರೆ ತಾರೀಕು ತಪ್ಪಿದರೆ ವಿನೋದನ ಕ್ರೆಡಿಟ್ ಸ್ಕೋರ್, ಸಾಲಕ್ಕೆ ನಂಬಬಹುದೇ ಎಂದು ಬ್ಯಾಂಕು ನೋಡುವ ಅಂಕ, ಇಳಿಯುತ್ತದೆ. ಅವಳು ಹಣ ಕಟ್ಟಿಬಿಟ್ಟಳು.

ಆ ಸ್ಕೋರಿನಿಂದಲೇ ಅವನು ಅವಳವನಾದದ್ದು.

ಮೊದಲ ಸಲ ಅವನು ಅಂಗಡಿಗೆ ಬಂದದ್ದು ತಾಯಿಗೆ ಕಂತಿನಲ್ಲಿ ಮಿಕ್ಸರ್ ಕೊಳ್ಳಲು. ಮೊಣಕೈ ಹತ್ತಿರ ಮೀನಿನ ಹುರುಪೆಯೊಂದು ಅಂಟಿಕೊಂಡು ಮಿನುಗುತ್ತಿತ್ತು. ಅವಳು ಅರ್ಜಿ ಹಾಕಿದಳು. ಆಗುವುದಿಲ್ಲ ಎಂದು ಪರದೆ ಹೇಳಿತು.

"ನಿಮಗೆ ಸ್ಕೋರೇ ಇಲ್ಲ. ನೀವು ಇದುವರೆಗೆ ಬ್ಯಾಂಕಿನಲ್ಲಿ ಸಾಲವೇ ಮಾಡಿಲ್ಲ."

"ಅಯ್ಯೋ ಮೇಡಂ, ಸಾಲ ಮಾಡಿದವಂಗೆ ಸಾಲ ಅದೆ, ಮಾಡದಿದ್ದವಂಗೆ ಇಲ್ಲ. ಇದೆಂತ ನ್ಯಾಯ?"

ಬೋಟಿನಲ್ಲಿ ದುಡಿದ ಪಾಲು ಅವನ ಕೈಗೇ ಬರುತ್ತಿತ್ತು. ಬಲೆಗೋ ಮದುವೆಗೋ ಬೇಕಾದರೆ ಯಜಮಾನನ ಹತ್ತಿರ ಮುಂಗಡ. ಬಾಯಿಮಾತೇ ಅದರ ಪತ್ರ. ಬಂದರಿನಲ್ಲಿ ಅವನ ಮಾತಿಗೆ ಬೆಲೆಯಿತ್ತು. ಶರಾವತಿ ಸೇತುವೆ ದಾಟಿದರೆ ಅವನು ಯಾರೂ ಅಲ್ಲ.

"ನೀವು ಯಾರು ಅಂತ ಕಂಪ್ಯೂಟರಿಗೆ ಗೊತ್ತಿಲ್ಲ," ಎಂದಳು.

"ನಿಮಗಾದ್ರೂ ಗೊತ್ತಿರ್ಲಿ. ನಾನು ವಿನೋದ."

ಅವಳು ನಗು ಬಾರದಂತೆ ಸ್ಟೇಪ್ಲರನ್ನೇ ನೋಡಿದಳು. ಅವನು ಅವಳು ನೋಡುತ್ತಿದ್ದ ಸ್ಟೇಪ್ಲರನ್ನು ನೋಡಿದ. ಆಮೇಲೆ ಇಬ್ಬರೂ ಒಟ್ಟಿಗೆ ತಲೆಯೆತ್ತಿದರು.

ಬ್ಯಾಂಕಿನಲ್ಲಿ ಸಣ್ಣ ಠೇವಣಿ ಇಟ್ಟು ಅದರ ಮೇಲೆ ಒಂದು ಕಾರ್ಡು ಮಾಡಿಸಿಕೊಳ್ಳಿ, ತಿಂಗಳಿಗೆ ಸಾಬೂನು, ಚಹಾಪುಡಿಯಷ್ಟೇ ಅದರಲ್ಲಿ ತಗೊಳ್ಳಿ, ತಾರೀಕಿಗೆ ಮೊದಲೇ ಪೂರ್ತಿ ಕಟ್ಟಿ, ಮಿತಿ ಇದೆಯೆಂದು ಪೂರಾ ಬಳಸಬೇಡಿ ಎಂದು ಅವಳು ಹೇಳಿಕೊಟ್ಟಳು. ಅವನು ಒಂದೊಂದನ್ನೂ ಹಾಗೆಯೇ ಮಾಡಿದ. ಸ್ಕೋರ್ ಹುಟ್ಟಿದ ಮೇಲೆ ತಿಂಗಳಿಗೊಮ್ಮೆ ಅಂಗಡಿಗೆ ಬಂದು, ಪ್ರಗತಿ ಪತ್ರ ತೋರಿಸುವ ಹುಡುಗನ ಹಾಗೆ ಫೋನು ಮುಂದೆ ಹಿಡಿಯುತ್ತಿದ್ದ.

"ಟೀಚರ್, ಪಾಸಾ?"

"ಜಸ್ಟ್ ಪಾಸು."

"ಇಷ್ಟು ಓದಿದ್ರೂ ಜಸ್ಟ್ ಪಾಸಾ? ಹಾಗಾದ್ರೆ ಟ್ಯೂಶನ್ನಿಗೆ ಬರ್ತೆ."

ಸ್ಕೋರ್ ಚೆನ್ನಾಗಿ ಏರಿದ ದಿನ ಅವನು ತಮಾಷೆ ಮಾಡಲಿಲ್ಲ. ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು ಬಂದಿದ್ದ. "ಈ ಮನುಷ್ಯನ್ನ ನಂಬಬಹುದು ಅಂತ ಕಂಪ್ಯೂಟರೇ ಹೇಳ್ತದೆ," ಎಂದ. ಕಿವಿ ಕೆಂಪಾಗಿತ್ತು. "ನೀವು ಎಂತ ಹೇಳ್ತ್ರಿ?"

ಮೇಜಿನ ಆಚೆ ಫ್ರಿಜ್ಜು ಕೊಳ್ಳುವವರು ಕಾಯುತ್ತಿದ್ದರು. "ಅಪ್ಪನ್ನ ಕೇಳಬೇಕು. ಕುಮಟೆಗೆ ಬನ್ನಿ," ಎಂದಳು ಅವಳು, ಕಂತಿನ ನಿಯಮ ಹೇಳುವ ದನಿಯಲ್ಲೇ.

ಮದುವೆಯ ನಂತರ ಒಂದೇ ಆಸೆ: ಸ್ವಂತದ್ದೊಂದು ಸಣ್ಣ ದೋಣಿ, ಅದಕ್ಕೊಂದು ಎಂಜಿನ್ನು. ಸಾಲದ ಮಾತಿಗೆ ಬ್ಯಾಂಕಿನವರು ಸೋಮವಾರ ಬರಹೇಳಿದರು. ವಿನೋದನ ಅಂಗಿಗಳೆಲ್ಲ ಉಪ್ಪುನೀರಿಗೆ ಬಣ್ಣ ಬಿಟ್ಟಿದ್ದವು. ಆಟೋ ಓಡಿಸುವ ಗೆಳೆಯ ಶಿಶಿರನ ಬಿಳಿ ಅಂಗಿ ಕೇಳಿ ತಂದ. ಶುಕ್ರವಾರ ಸಂಜೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತ. ತೋಳು ಗಿಡ್ಡವಾಗಿತ್ತು.

"ಮ್ಯಾನೇಜರು ತೋಳು ನೋಡ್ತಾರಾ, ಸ್ಕೋರ್ ನೋಡ್ತಾರಾ?"

"ಮಡಚಿದ್ರೆ ಆತು," ಎಂದು ಅವಳು ಅವನದೇ ಊರ ಮಾತಿನಲ್ಲಿ ಹೇಳಿ ತೋಳು ಮಡಚಿದಳು. ಗುಂಡಿ ಹಾಕುವಾಗ ಅವನು ಉಸಿರು ಬಿಗಿಹಿಡಿದು ಮ್ಯಾನೇಜರರ ಹಾಗೆ ಹೊಟ್ಟೆ ಉಬ್ಬಿಸಿದ. ಗುಂಡಿ ಸಿಡಿಯಿತು. ಇಬ್ಬರೂ ನೆಲದ ಮೇಲೆ ಗುಂಡಿ ಹುಡುಕಿದರು. ತಲೆಗೆ ತಲೆ ತಾಗಿತು.

ಶನಿವಾರ ಶರಾವತಿಯ ಅಳಿವೆಯಲ್ಲಿ, ಹೊಳೆ ಕಡಲಿಗೆ ಸೇರುವಲ್ಲಿ, ಅವನಿದ್ದ ದೋಣಿ ಮಗುಚಿತು. ಇತರರು ಈಜಿ ಬಂದರು.

ಅಂದಿನಿಂದ ಬಸ್ಸು ಸೇತುವೆ ದಾಟುವಾಗ ದಿವ್ಯಶ್ರೀ ಕಡಲು ಕಾಣದ ಬದಿಯ ಸೀಟು ಹುಡುಕುತ್ತಿದ್ದಳು. ತಿಂಗಳಿಗೊಮ್ಮೆ ಅವನ ಕಾರ್ಡಿನಲ್ಲಿ ಸಾಬೂನು, ಚಹಾಪುಡಿ ತಂದಳು. ತಾರೀಕಿಗೆ ಮೊದಲೇ ಕಟ್ಟಿದಳು. ಹೊತ್ತು ಗೊತ್ತಿಲ್ಲದೆ ಫೋನು ತೆರೆದು ನೋಡಿದಳು. ಸ್ಕೋರ್ ಏರುತ್ತಿತ್ತು. ಸುಡುಗಾಡಿನಲ್ಲಿ ಬೂದಿಯಾದವನು ಆ ಪರದೆಯೊಳಗೆ ದಿನೇದಿನೇ ಇನ್ನಷ್ಟು ನಂಬಿಗಸ್ತನಾಗುತ್ತಿದ್ದ.

"ಅಂವನ ಮೊಬೈಲು ಇನ್ನೂ ಯಾಕೆ ಚಾರ್ಜಿಗೆ?" ಎಂದು ನಾಗಿ ಒಮ್ಮೆ ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ.

ಒಂದು ಮಧ್ಯಾಹ್ನ ಆ ಫೋನಿಗೆ ಕರೆ ಬಂತು. ಹುಡುಗಿಯ ದನಿ, ಬಹಳ ಉತ್ಸಾಹ.

"ವಿನೋದ್ ಸರ್ ಇದಾರಾ? ಅವರ ರೆಕಾರ್ಡ್ ತುಂಬಾ ಚೆನ್ನಾಗಿದೆ ಮೇಡಂ. ಲೋನ್ ರೆಡಿ ಇದೆ, ಆಫೀಸಿಗೂ ಬರೋದು ಬೇಡ."

ಆಕೆ ಹೇಳಿದ ಮೊತ್ತಕ್ಕೆ ದೋಣಿಯೂ ಬರುತ್ತಿತ್ತು, ಎಂಜಿನ್ನೂ ಬರುತ್ತಿತ್ತು.

"ಸಮುದ್ರಕ್ಕೆ ಹೋಗಿದ್ದಾರೆ," ಎಂದಳು ದಿವ್ಯಶ್ರೀ.

"ಯಾವಾಗ ಬರ್ತಾರೆ ಮೇಡಂ?"

ಈ ಪ್ರಶ್ನೆಯನ್ನು ಇಷ್ಟು ದಿನ ಯಾರೂ ಕೇಳಿರಲಿಲ್ಲ. ಎಲ್ಲರಿಗೂ ಗೊತ್ತಿತ್ತಲ್ಲ.

"ಬರೂದಿಲ್ಲ," ಎಂದಳು. "ತೀರಿಕೊಂಡಿದ್ದಾರೆ."

"ಸಾರಿ ಮೇಡಂ," ಎಂದಳು ಹುಡುಗಿ, ನಿಜವಾಗಿಯೂ ನೊಂದು. ಆಮೇಲೆ, ಬಹುಶಃ ಹಾಗೆ ಕೇಳಬೇಕೆಂದು ಕಲಿಸಿದ್ದರಿಂದ, "ನಿಮ್ಮ ಹೆಸರಲ್ಲಿ ಚೆಕ್ ಮಾಡ್ಲಾ?" ಎಂದಳು.

ಮರುದಿನ ಅವಳು ಮರಣ ಪತ್ರ ಹಿಡಿದು ಬ್ಯಾಂಕಿಗೆ ಹೋದಳು. ಗುಮಾಸ್ತೆ ಪರದೆ ನೋಡಿ, "ಬಾಕಿ ಎಂತದೂ ಇಲ್ಲ. ಭಾರೀ ಕ್ಲೀನ್ ಅದೆ," ಎಂದು ಮೆಚ್ಚಿ, ಕತ್ತರಿ ತೆಗೆದು ಕಾರ್ಡನ್ನು ಎರಡು ತುಂಡು ಮಾಡಿದರು. ಸ್ಕೋರ್ ಇಳಿಯಲಿಲ್ಲ. ಇನ್ನು ಯಾರೂ ಅದನ್ನು ಕೇಳುವುದಿಲ್ಲ, ಅಷ್ಟೇ.

ಮನೆಗೆ ಬಂದಾಗ ನಾಗಿ ಬುಟ್ಟಿ ತೊಳೆಯುತ್ತಿದ್ದಳು. "ನಾಡಿದ್ದು ಶಿಶಿರ ಮಂಕಿ ಬದಿಗೆ ಹೆಣ್ಣು ನೋಡೂಕೆ ಹೋಗ್ತನಂತೆ," ಎಂದಳು. ಬುಟ್ಟಿಯನ್ನು ಕವುಚಿಟ್ಟು, "ಅಂವನ ಒಳ್ಳೆ ಅಂಗಿ ನಮ್ಮನೇಲದೆ. ಪಾಪ, ಬಾಯಿಬಿಟ್ಟು ಕೇಳೂದಿಲ್ಲ."

ದಿವ್ಯಶ್ರೀ ಆ ಅಂಗಿಯನ್ನು ಒಗೆದಿರಲಿಲ್ಲ. ಮುಟ್ಟಿಯೂ ಇರಲಿಲ್ಲ, ಮುಟ್ಟಿದರೆ ಖರ್ಚಾಗಿಬಿಡುತ್ತದೆ ಎಂಬ ಭಯ. ಈಗ ಕಾಲರನ್ನು ಮೂಗಿಗೆ ಹಿಡಿದಳು. ಅಲ್ಲಿ ಅವನು ಇರಲಿಲ್ಲ. ಬಾಗಿಲಿನ ಹಳೆಯ ಮರದ ವಾಸನೆಯಿತ್ತು. ಕಾಪಾಡಿಕೊಂಡೆ ಎಂದುಕೊಂಡದ್ದೆಲ್ಲ ಯಾವಾಗಲೋ ಹೋಗಿತ್ತು.

ಕೊನೆಯ ಸಲ ಕಾರ್ಡಿನಲ್ಲಿ ತಂದ ಸಾಬೂನಿನಿಂದ ಅಂಗಿ ಒಗೆದಳು. ಗುಂಡಿ ಹೊಲಿದಳು. ಅವನಿಗಾಗಿ ಮಡಚಿದ ತೋಳನ್ನು ಬಿಡಿಸಿ, ಆ ಗೆರೆ ಹೋಗುವವರೆಗೆ ಇಸ್ತ್ರಿ ಮಾಡಿದಳು.

ಶಿಶಿರ ಆಟೋ ಒರೆಸುತ್ತಿದ್ದವನು ಅವಳ ಕೈಲಿದ್ದದ್ದನ್ನು ನೋಡಿ ಹಿಂದೆ ಸರಿದ.

"ಎಂತ ಅತ್ತಿಗೆ ಇದು? ನಾನು ಕೇಳಿದ್ನಾ? ಇಟ್ಕೊಳ್ಳಿ."

"ಅವರ ಹೆಸರಲ್ಲಿ ಬಾಕಿ ಇರೂದು ಬೇಡ."

"ಬಾಕಿ ಎಂತದು ಮಾರಾಯ್ರೆ! ಸೋಮವಾರ ಸಂಜೆಗೇ ಕೊಡ್ತೆ ಅಂದಿದ್ದ ಅಂವ..." ಎಂದವನು ಅಲ್ಲಿಗೇ ತುಟಿ ಕಚ್ಚಿಕೊಂಡ.

"ಹೌದು. ಲೇಟಾಯ್ತು," ಎಂದಳು ದಿವ್ಯಶ್ರೀ. "ಅವರು ಯಾವತ್ತೂ ಲೇಟ್ ಮಾಡಿದವರಲ್ಲ. ಇದೊಂದು ನನ್ನಿಂದ ಆದದ್ದು."

ಶಿಶಿರ ಕೈಯನ್ನು ಲುಂಗಿಗೆ ಒರೆಸಿಕೊಂಡು, ಎರಡೂ ಕೈ ಚಾಚಿದ. ಅವಳ ಬೆರಳು ಹ್ಯಾಂಗರನ್ನು ಬಿಡಲು ಇನ್ನಷ್ಟು ತಡ ಮಾಡಿತು. ಆಮೇಲೆ ಬಿಟ್ಟಿತು.