ಎದುರು ಬದಿಯ ಆಟಗಾರ

ನನಗೆ ಕುಡಿತದ ಚಟವಿಲ್ಲ, ಕಿವಿಯೂ ನೆಟ್ಟಗಿದೆ. ಒಸಾಕಾದಲ್ಲಿ ನಾನು ರಿಪೇರಿ ನೋಡಿಕೊಳ್ಳುವ ಹಳೇ ಗೇಮ್ ಸೆಂಟರಿನಲ್ಲಿ ವಿಡಿಯೋ ಗೇಮ್ ಯಂತ್ರಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ; ಈ ಬದಿ ಕೂತವನು ಆ ಬದಿ ಕೂತವನ ವಿರುದ್ಧ ಆಡುತ್ತಾನೆ. ಎದುರಾಳಿಯ ಮುಖವನ್ನು ಇಣುಕಿ ನೋಡುವ ರೂಢಿ ನಮ್ಮಲ್ಲಿಲ್ಲ.

ಅಂದು ಮಧ್ಯಾಹ್ನ ಪ್ರವಾಸಿ ಹೆನ್ರಿಕ್ ಮತ್ತೆ ಸೋತು ನಕ್ಕ. “ಅಜ್ಜಾ, ಆ ಕಡೆ ಕೂತಿರೋ ಭೂಪ ಯಾರು? ಕೈ ಕುಲುಕಿ ಬರ್ತೀನಿ.”

“ಬೇಡಪ್ಪಾ. ಇಲ್ಲಿ ಸೋತವ್ರು ಸುಮ್ನೆ ಎದ್ದು ಹೋಗ್ತಾರೆ.”

ಆಚೆ ಬದಿಯಲ್ಲಿ ಗುಂಡಿ ಒತ್ತುವ ಸದ್ದು ತಟ್ಟನೆ ನಿಂತಿತು. ಹೆನ್ರಿಕ್ ಸುತ್ತಿ ಹೋಗಿ, ಬಿಳಿಚಿಕೊಂಡು ಬಂದ.

“ಯಾರೂ ಇಲ್ಲ. ಸ್ಟೂಲು ಮಾತ್ರ ಬೆಚ್ಚಗಿದೆ.”

ನಾನು ಬೇಡವೆಂದದ್ದು ರೂಢಿಗಾಗಿ ಅಲ್ಲ. ಆಚೆ ಬದಿಯ ಆ ಯಂತ್ರ ಕೆಟ್ಟಿತ್ತು. ಬೆಳಿಗ್ಗೆಯೇ ಅದರ ಜಾಯ್‌ಸ್ಟಿಕ್ ಬಿಚ್ಚಿ ಏಪ್ರನ್ ಜೇಬಿಗೆ ಹಾಕಿಕೊಂಡಿದ್ದೆ. ಈಗ ಜೇಬಿಗೆ ಕೈಯಿಟ್ಟೆ. ಜಾಯ್‌ಸ್ಟಿಕ್ ಯಾರದೋ ಅಂಗೈಯ ಬೆವರಿನಿಂದ ಒದ್ದೆಯಾಗಿತ್ತು.