ನಾಲ್ಕನೆಯ ದಿಂಬು

"ಬಾಗಿಲು ತೆಗೀರಿ!"

"ಗಂಟೆ ಹೊಡೆದಾಯ್ತು ಮೇಡಂ. ಧ್ಯಾನ ಶುರುವಾಗಿದೆ" ಎಂದು ಬಾಗಿಲನ್ನು ಒಂಚೂರು ತೆರೆದು ಪಿಸುಗುಟ್ಟಿದವನು ಅವಳ ಮೂಗಿನೆದುರೇ ಅದನ್ನು ಮತ್ತೆ ಮುಚ್ಚಿಬಿಟ್ಟ!

ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. "ಬ್ರೇಕ್! ಬ್ರೇಕ್!" ಎಂದು ಕಿರುಚಿದರೆ ಪಕ್ಕದ ರಸ್ತೆಯ ಗಾಡಿಗಳೂ ನಿಲ್ಲುತ್ತಿದ್ದವು. ಸಿಟ್ಟು ಮೂಗಿನ ತುದಿಯಲ್ಲೇ. ಆ ಸಿಟ್ಟಿನಲ್ಲಿ ಆಡಿದ ಮಾತಿಗೆ ನಿಶ್ಚಯವಾಗಿದ್ದ ಮದುವೆಯೇ ಮುರಿದುಬಿದ್ದಿತ್ತು. "ಮೊದಲು ಬಾಯಿಗೆ ಬ್ರೇಕ್ ಹಾಕೋದು ಕಲಿ ಕಣೇ" ಎಂದು ಅಕ್ಕನೇ ಅವಳನ್ನು ಈ ಧ್ಯಾನಕೇಂದ್ರದ ವಾರದ ತರಗತಿಗೆ ದಬ್ಬಿದ್ದಳು.

ಬಾಗಿಲು ಮುಚ್ಚಿದವನೇ ಅಲ್ಲಿ ಗಂಟೆ ಹೊಡೆಯುವವನು, ಉಳಿದ ದಿನ ಊರಲ್ಲಿ ಕನ್ನಡಕದ ಅಂಗಡಿ ನಡೆಸುತ್ತಿದ್ದ. ಅವಳು ಅವನಿಗೆ ಗಂಟೆರಾಯ ಎಂದು ಹೆಸರಿಟ್ಟಳು. ಮರುವಾರ ಬೇಗ ಬಂದಳು... ಬೈಯಲೆಂದೇ! ಅವನು ನಕ್ಕು ಒಂದು ಲೋಟ ಚಹಾ ಕೈಗಿಟ್ಟ. ಬೈಗುಳ ಗಂಟಲಲ್ಲೇ ಉಳಿಯಿತು. ಆಮೇಲಾಮೇಲೆ ಅವಳು ಬೇಗ ಬರುತ್ತಿದ್ದುದು ಬೈಯಲಿಕ್ಕಲ್ಲ ಎಂದು ಬೇರೆ ಹೇಳಬೇಕೆ?

ಧ್ಯಾನದ ಕೋಣೆಯಲ್ಲಿ ಒಬ್ಬೊಬ್ಬರೆದುರೂ ನಾಲ್ಕು ಖಾಲಿ ದಿಂಬುಗಳಿರುತ್ತಿದ್ದವು. ಎಲ್ಲರಿಗೂ ಒಳಿತು ಹಾರೈಸುವ ಬುದ್ಧನ ಮೈತ್ರಿ ಧ್ಯಾನವನ್ನು ಕೇಂದ್ರದ ಹಿರಿಯ ಗುರು, ಎಲ್ಲರ ಬಾಯಲ್ಲಿ ಗುರುಮ್ಮ, ಕಲಿಸುತ್ತಿದ್ದುದು ಅವುಗಳಿಂದಲೇ. ಮೊದಲನೆಯದರ ಮೇಲೆ ಮನಸ್ಸಿನಲ್ಲೇ ನಿಮ್ಮನ್ನು ಕೂರಿಸಿಕೊಳ್ಳಿ, ಎರಡನೆಯದು ಪ್ರೀತಿಪಾತ್ರರಿಗೆ, ಮೂರನೆಯದು ಮುಖಪರಿಚಯದವರಿಗೆ, ನಾಲ್ಕನೆಯದು ನಿಮಗೆ ಆಗದವರಿಗೆ. ಎಲ್ಲರಿಗೂ ಹಾರೈಕೆ ಒಂದೇ, 'ಸುಖವಾಗಿರಲಿ.'

ಒಮ್ಮೆ ದಿನವಿಡೀ ಮೌನಧ್ಯಾನವಿತ್ತು. ಗಂಟೆ ಹೊಡೆಯುವ ಮುಂಚೆ ಅವಳು ತಮಾಷೆಗೆ ಕೇಳಿದಳು.

"ನಿಮ್ಮ ನಾಲ್ಕನೇ ದಿಂಬಲ್ಲಿ ಯಾರ್ರೀ ಇದ್ದಾರೆ, ಗಂಟೆರಾಯರೇ?"

ಅವನೋ, ಸುಳ್ಳಾಡುವುದಿಲ್ಲವೆಂದು ಬುದ್ಧನೆದುರು ಮಾತು ಕೊಟ್ಟವನು. ಮುಖ ಕೆಂಪಾಯಿತು.

"...ನೀವು."

"ಏನಂದ್ರಿ?!"

"ಅಯ್ಯೋ, ಹಾಗಲ್ಲ, ಕೇಳಿ ಇಲ್ಲಿ..."

ಅಷ್ಟರಲ್ಲಿ ಗುರುಮ್ಮ ಬಂದು ಕೂತು ಸನ್ನೆ ಮಾಡಿದರು. ಅವನು ಗಂಟೆ ಹೊಡೆಯಲೇಬೇಕಾಯಿತು. ಇನ್ನು ಸಂಜೆಯವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ!

ಅವಳು ತನ್ನ ಜಾಗದಲ್ಲಿ ದೊಪ್ಪನೆ ಕೂತಳು. 'ನಾನು ಆಗದವಳಾ? ನಗುನಗುತ್ತಾ ಚಹಾ ಕೊಟ್ಟಿದ್ದೆಲ್ಲ ನಾಟಕನಾ?' ಎದ್ದು ಅವನ ಜನ್ಮ ಜಾಲಾಡಿಬಿಡಬೇಕು... ಮಾತು ತುದಿನಾಲಿಗೆಗೆ ಬಂತು. ಹೀಗೇ ಒಮ್ಮೆ ಬಾಯಿಬಿಟ್ಟು ಎಲ್ಲ ಕಳೆದುಕೊಂಡವಳು ಅವಳು. ಈಗ ಬಾಯಿಬಿಟ್ಟರೆ ಇವನೂ ಹೋದ!

ಹಲ್ಲು ಕಚ್ಚಿ ಕೂತಳು. ಅವನನ್ನೇ ತನ್ನ ನಾಲ್ಕನೇ ದಿಂಬಿಗೆ ತಂದು ಕೂರಿಸಿದಳು. 'ಸುಖವಾಗಿರಲಿ... ಹಾಳಾಗಿಹೋಗಲಿ!... ಅಲ್ಲಲ್ಲ, ಸುಖವಾಗಿರಲಿ...'

ಉಸಿರು ಬಂತು, ಹೋಯಿತು. ಸಿಟ್ಟೂ ಬಂತು. ಅವಳು ಅದನ್ನು ಹೊರದಬ್ಬಲಿಲ್ಲ, ಅದರ ಹಿಂದೆ ಓಡಲೂ ಇಲ್ಲ, ಸುಮ್ಮನೆ ನೋಡುತ್ತಾ ಕೂತಳು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಆ ಸಿಟ್ಟಿನ ಅಡಿಯಲ್ಲಿ ಬರೀ ಅಳು ಇರುವುದು ಕಂಡಿತು. ಅತ್ತಳು. ಅತ್ತು ಹಗುರಾದ ಮೇಲೆ ಮನಸ್ಸು ತಾನಾಗಿ ಹೇಳಿತು... 'ನಾನು ಬೇಡವಾದರೂ ಅವನು ಸುಖವಾಗಿರಲಿ.'

ಈ ಸಲ ಹಲ್ಲು ಕಚ್ಚಿರಲಿಲ್ಲ! ಬುದ್ಧಿ ಬಂದಾಗಿನಿಂದ ಬೆನ್ನುಬಿಡದಿದ್ದ ಸಿಟ್ಟನ್ನು ಅವಳು ಗೆದ್ದಿದ್ದಳು!

ಸಂಜೆಯ ಗಂಟೆಯ ಸದ್ದು ಅಡಗುವ ಮುಂಚೆಯೇ ಅವನು ಓಡಿಬಂದ.

"ಮೇಡಂ, ನಾನು..."

"ಮೊದಲು ನಾನು. ನಿಮಗೆ ನಾನು ಆಗದೇ ಇರಬಹುದು. ನನಗೆ ನೀವಂದ್ರೆ ತುಂಬಾ ಇಷ್ಟ. ಬೈಯೋಕೆ ಬಂದಿಲ್ಲ. ಚೆನ್ನಾಗಿರಿ."

ಅವನ ಕಣ್ಣು ತುಂಬಿಬಂತು.

"ನೀವು ಎರಡನೇ ದಿಂಬಲ್ಲೇ ಇದ್ರಿ ಕಣ್ರೀ! ಆದ್ರೆ 'ಸುಖವಾಗಿರಲಿ' ಅನ್ನೋಕೆ ಹೋದ್ರೆ ಮನಸ್ಸು 'ನನ್ನವಳಾಗಲಿ' ಅಂತಿತ್ತು. ಗುರುಮ್ಮನ ಹತ್ರ ಹೇಳ್ದೆ. 'ಅದು ಮೈತ್ರಿ ಅಲ್ಲ ಮಗು, ಆಸೆ. ಆಗದವರಿಂದ ನಾವು ಏನೂ ಬಯಸಲ್ಲ ಅಲ್ವಾ? ಅವಳನ್ನ ಅಲ್ಲಿ ಕೂರಿಸಿ, ಏನೂ ಬಯಸದೆ ಹಾರೈಸೋದು ಕಲಿ' ಅಂದ್ರು."

"ಕಲಿತ್ರಾ?"

"ಎಲ್ಲಿಂದ! ನೀವು ಒಂದೇ ದಿನದಲ್ಲಿ ಕಲಿತುಬಿಟ್ರಿ."

ಅವಳು ನಗುತ್ತಾ ಕಣ್ಣೊರೆಸಿಕೊಂಡಳು. "ಇನ್ಮೇಲೆ ನನ್ನನ್ನ ಎಲ್ಲಿ ಕೂರಿಸ್ತೀರಿ?"

ಅವನು ಇನ್ನೊಂದು ದಿಂಬು ತಂದು ತನ್ನದರ ಪಕ್ಕಕ್ಕಿಟ್ಟ. "ಇಲ್ಲಿ."

"ತಡವಾಗಿ ಬಂದ್ರೆ?"

"ಬಾಗಿಲು ಮುಚ್ತೀನಿ."

"ಏನಂದ್ರಿ?!"

"ಮುಚ್ಚಿ, ನಾನೂ ಹೊರಗೆ ನಿಮ್ಮ ಜೊತೆ ನಿಂತಿರ್ತೀನಿ."