ಎರವಲು ತಂದ ಸಿಂಹ

ಹಿಂದೆ, ನಮ್ಮ ಅಜ್ಜಿಯರ ಅಜ್ಜಿಯರು ಇನ್ನೂ ಮಕ್ಕಳಾಗಿದ್ದ ಕಾಲದಲ್ಲಿ, ತೊರೆನಾಡು ಎಂಬ ರಾಜ್ಯವಿತ್ತು. ಅದರ ನಡುವೆ ಹಾಲಹೊಳೆ ಹರಿಯುತ್ತಿತ್ತು. ಹೊಳೆಗೆ ಮೂಡಣ ದಂಡೆ, ಪಡುವಣ ದಂಡೆ ಎಂದು ಎರಡು ದಂಡೆ. ಆಗ ಆ ಹೆಸರುಗಳನ್ನು ದಾರಿ ಹೇಳುವಾಗ ಮಾತ್ರ ಬಳಸುತ್ತಿದ್ದರು.

ಮೂಡಣದ ಹುಡುಗಿಗೆ ಪಡುವಣದಲ್ಲಿ ಗಂಡ. ಪಡುವಣದ ಎಮ್ಮೆಗೆ ಮೂಡಣದಲ್ಲಿ ಹುಲ್ಲು. ಈ ದಂಡೆಯಲ್ಲಿ ಒಗ್ಗರಣೆ ಹಾಕಿದರೆ ಆ ದಂಡೆಯಲ್ಲಿ ಸೀನುತ್ತಿದ್ದರು. ಮದುವೆಗೆ ಕೊಪ್ಪರಿಗೆ ಸಾಲದಿದ್ದರೆ ದೋಣಿಯಲ್ಲಿ ಆಚೆಯಿಂದ ಬರುತ್ತಿತ್ತು. ಆ ನಾಡಿನಲ್ಲಿ ಒಂದು ರೀತಿ ಇತ್ತು. ಎರವಲು ತಂದದ್ದನ್ನು ಬರಿದಾಗಿ ಹಿಂದಿರುಗಿಸಬಾರದು. ಒಂದು ಅಚ್ಚು ಬೆಲ್ಲ, ಒಂದು ಹಿಡಿ ಹುರುಳಿ, ಏನೂ ಇಲ್ಲದಿದ್ದರೆ ನಾಲ್ಕು ಎಲೆ ಕರಿಬೇವು ಇಟ್ಟು ಕೊಡಬೇಕು. ಹಾಗೆ ತುಂಬಿದ ಕೈಯಲ್ಲಿ ಹಿಂದಿರುಗಿಸಿದರೆ ಎರವಲು ಕೊಟ್ಟವರು ಬೇಡ ಎನ್ನುವಂತಿಲ್ಲ.

ಒಂದು ವರ್ಷ ಅರಸ ತೀರಿಕೊಂಡ. ಹಿರಿಯ ಮಗ ದೇವರಸ ಮೂಡಣದಲ್ಲಿ ನಿಂತು ಕಿರೀಟ ತನ್ನದೆಂದ. ಕಿರಿಯ ಮಗ ಮಾಚರಸ ಪಡುವಣದಲ್ಲಿ ನಿಂತು ತನ್ನದೆಂದ. ಮೊದಮೊದಲು ಜಗಳ ಕೋಲು ಕಲ್ಲುಗಳಲ್ಲಿ ಮುಗಿಯುತ್ತಿತ್ತು. ಪೆಟ್ಟು ತಿಂದವನಿಗೆ ಆಚೆ ದಂಡೆಯ ವೈದ್ಯನೇ ಬಂದು ಮದ್ದು ಅರೆಯುತ್ತಿದ್ದ.

ಆಗ ದೂರದ ಇಬ್ಬರು ಮಾಂತ್ರಿಕರಿಗೆ ಈ ಸುದ್ದಿ ಮುಟ್ಟಿತು. ಬಡಗಣದ ಉರಿಗೋಟೆಯಲ್ಲಿ ಧೂಮಕೇತ, ತೆಂಕಣದ ಮಂಜುಗೋಟೆಯಲ್ಲಿ ತುಹಿನೆ. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗದು. ನೇರವಾಗಿ ಕಾದಾಡಿದರೆ ತಮ್ಮ ತಮ್ಮ ಕೋಟೆಯ ಹೆಂಚು ಒಡೆದೀತೆಂಬ ಅಂಜಿಕೆ ಬೇರೆ. ಹಾಲಹೊಳೆಯನ್ನು ಇಬ್ಬರೂ ಕಂಡವರಲ್ಲ.

ಧೂಮಕೇತ ಒಂದು ಉರಿಸಿಂಹವನ್ನು ದೇವರಸನ ಅಂಗಳಕ್ಕೆ ಹೊಡೆದುಕೊಂಡು ಬಂದ. "ಅರಸಾ, ನಿನ್ನ ನ್ಯಾಯಕ್ಕೆ ನನ್ನ ಬೆಂಬಲ. ನಿಮ್ಮ ನಾಡಿನ ರೀತಿಯಲ್ಲೇ ಎರವಲು ಕೊಟ್ಟಿದ್ದೇನೆ" ಎಂದ. ಸಭೆ ಚಪ್ಪಾಳೆ ತಟ್ಟಿತು. ಇದು ತುಹಿನೆಯ ಕಿವಿಗೆ ಬಿತ್ತು. ತಾನೇನು ಕಡಿಮೆ ಎಂದು ಒಂದು ಹಿಮಸರ್ಪವನ್ನು ಮಾಚರಸನಿಗೆ ತಂದು, ಅದೇ ಮಾತನ್ನು ಇನ್ನಷ್ಟು ಸಿಹಿಯಾಗಿ ಹೇಳಿದಳು.

ಸಿಂಹ ಮೊದಲು ಕರುವಿನಷ್ಟಿತ್ತು. ಸರ್ಪ ಅದಕ್ಕಿಂತ ಉದ್ದವೆಂದು ತಿಳಿದು ಧೂಮಕೇತ ಸಿಂಹವನ್ನು ಎತ್ತಿನಷ್ಟು ಮಾಡಿದ. ತುಹಿನೆ ಸರ್ಪವನ್ನು ತಾಳೆಮರದಷ್ಟು ಮಾಡಿದಳು. ಸಿಂಹ ಆನೆಯಷ್ಟಾಯಿತು. ಸೇತುವೆ ಸುಟ್ಟಿತು. ದೋಣಿಗಳು ಹೆಪ್ಪುಗಟ್ಟಿ ಒಡೆದವು.

ಆ ಮೃಗಗಳು ಮಾಂಸ ತಿನ್ನುತ್ತಿರಲಿಲ್ಲ, ನೆನಪು ತಿನ್ನುತ್ತಿದ್ದವು. ದಿನಕ್ಕೊಂದು ಮನೆಯವರು ಆಚೆ ದಂಡೆಯ ಒಂದು ನೆನಪನ್ನು ಅವುಗಳ ಕಿವಿಯಲ್ಲಿ ಹೇಳಬೇಕು. ಹೇಳಿದ ಕೂಡಲೇ ಅದು ಹೇಳಿದವರ ಮನಸ್ಸಿನಿಂದ ಹೋಗುತ್ತಿತ್ತು. ಮೊದಲು ಸಂತೆಯ ನೆನಪು ಕೊಟ್ಟರು. ಆಮೇಲೆ ಬೀಗರ ಮನೆಯ ಊಟ. ಆಮೇಲೆ ಬೀಗರನ್ನೇ. ಎರಡು ವರ್ಷದಲ್ಲಿ, ಆಚೆ ಇರುವವರು ರಾಕ್ಷಸರೆಂದರೆ ಅಲ್ಲವೆನ್ನಲು ಯಾರಲ್ಲೂ ಒಂದು ಮುಖ ಉಳಿದಿರಲಿಲ್ಲ.

ಮೂಡಣ ದಂಡೆಯಲ್ಲಿ ದೇಮವ್ವ ಎಂಬ ಕುಂಬಾರರ ಹೆಣ್ಣುಮಗಳಿದ್ದಳು. ಅವಳ ಅಣ್ಣ ಸಂಕ ಜೇಡಿಮಣ್ಣು ತರಲು ಪಡುವಣಕ್ಕೆ ಹೋದ ದಿನವೇ ಸೇತುವೆ ಸುಟ್ಟಿತ್ತು. ಅಲ್ಲಿಯವರು ಅವನನ್ನು ಪಡೆಗೆ ಸೇರಿಸಿಕೊಂಡಿದ್ದರು. ಈಗ, ಇನ್ನು ಏಳು ದಿನಕ್ಕೆ ದೊಡ್ಡ ಯುದ್ಧ ಎಂದು ಡಂಗುರ ಸಾರಿದರು. ಮೂಡಣದಿಂದ ಹೋದವರನ್ನೇ ಅಲ್ಲಿ ಮುಂದಿನ ಸಾಲಿಗೆ ನಿಲ್ಲಿಸುತ್ತಾರೆಂಬ ಸುದ್ದಿಯೂ ಬಂತು.

ಸಿಂಹ ದೇಮವ್ವನ ಅಂಗಳಕ್ಕೆ ಬಂದಾಗ ಅವಳಲ್ಲಿ, ಹೆಸರು ಬಿಟ್ಟರೆ, ಅಣ್ಣನದು ಒಂದೇ ನೆನಪು ಉಳಿದಿತ್ತು. ಅವನು ಹುರಿದ ಹುಣಸೆಬೀಜದ ಸಿಪ್ಪೆ ಹಲ್ಲಿನಲ್ಲಿ ಬಿಡಿಸಿ, ತಾನು ತಿನ್ನದೆ ಅವಳ ಮುಂದೆ ಇಡುತ್ತಿದ್ದ. ಆ ನೆನಪಿನಲ್ಲಿ ಕೈ ಇತ್ತು, ಮುಖ ಇರಲಿಲ್ಲ.

"ಬೇಗ ಹೇಳು ಕುಂಬಾರಗಿತ್ತಿ, ಹಸಿವು" ಎಂದಿತು ಸಿಂಹ.

"ಸಿಂಹರಾಯ, ನೀನು ಯಾರವನು?"

"ಧೂಮಕೇತನವನು."

"ಹಾಗಾದರೆ ನಮ್ಮಲ್ಲಿ ಯಾಕಿದ್ದೀಯ?"

"ಎರವಲು ತಂದವರು ಹಿಂದಕ್ಕೆ ಕೊಟ್ಟಿಲ್ಲ, ಅದಕ್ಕೆ. ಎರಡು ವರ್ಷದಲ್ಲಿ ಇದನ್ನು ಕೇಳಿದವಳು ನೀನೊಬ್ಬಳೇ."

"ತುಂಬಿದ ಕೈಯಲ್ಲಿ ತಂದುಕೊಟ್ಟರೆ ಅವನು ಬೇಡ ಎನ್ನಬಹುದೇ?"

"ನಿಮ್ಮ ರೀತಿಯಲ್ಲೇ ಕೊಟ್ಟೆನೆಂದು ಅವನೇ ಬಾಯಿಬಿಟ್ಟಿದ್ದಾನೆ. ಮಾಂತ್ರಿಕನಿಗೆ ಆಡಿದ ಮಾತೇ ಹಗ್ಗ. ಆದರೆ ಯೋಚಿಸು. ನಾನಿಲ್ಲವೆಂದು ಗೊತ್ತಾದರೆ ಆ ಹಾವು ನಿಮ್ಮ ದಂಡೆಯನ್ನು ಒಂದೇ ಬೆಳಗಿಗೆ ಹಿಮವಾಗಿಸುತ್ತದೆ."

"ಅದೂ ಅದೇ ಹೊತ್ತಿಗೆ ಹೋದರೆ?"

ಸಿಂಹ ನೆನಪು ಕೇಳದೆ ಅಂಗಳದಿಂದ ಎದ್ದು ಹೋಯಿತು. ಆ ದಿನ ಅದು ಹಸಿದೇ ಮಲಗಿತು.

ಮರುದಿನ ಹಾಡುಹಗಲಲ್ಲಿ ದೇಮವ್ವ ಒಂದು ದೊಡ್ಡ ಮಡಕೆಯನ್ನು ಬೋರಲು ಮಾಡಿ, ಎದೆಗೆ ಒತ್ತಿಕೊಂಡು ಹೊಳೆಗಿಳಿದಳು. ಕುಂಬಾರರು ಹೊಳೆ ದಾಟುತ್ತಿದ್ದುದೇ ಹಾಗೆ. ಆಚೆ ದಡದಲ್ಲಿ ಕಾವಲುಗಾರರು ಕುಳಿತಿದ್ದರು.

"ಲೋ, ಮಡಕೆಗೆ ಕೈಕಾಲು ಬಂದಿದೆ ನೋಡ್ರೋ!" ಎಂದ ಒಬ್ಬ. ಜಡೆ ಹಿಡಿದು ಮೇಲೆಳೆದರು.

"ಸಂಕನನ್ನು ನೋಡಬೇಕು" ಎಂದಳು ದೇಮವ್ವ.

"ಯಾವ ಸಂಕ ತಾಯಿ? ಉಬ್ಬುಹಲ್ಲಿನ ಸಂಕನೋ, ಹಾವಿನ ಸಂಕನೋ?"

"ಮೂಡಣದಿಂದ ಬಂದವನು."

"ಹಾಗಿದ್ದರೆ ಹಾವಿನ ಸಂಕ. ಯಾರೂ ಒಪ್ಪದ ಚಾಕರಿ ಅವನಿಗಲ್ಲದೆ ಇನ್ಯಾರಿಗೆ! ಹೋಗು, ಹಾವೇ ನಿನ್ನನ್ನು ವಿಚಾರಿಸಿಕೊಳ್ಳಲಿ."

ಹಿಮಸರ್ಪ ಬಂಡೆಗಳ ನಡುವೆ ಸುತ್ತಿಕೊಂಡು ಬಿದ್ದಿತ್ತು. ಅದರ ಪಕ್ಕದಲ್ಲಿ ಗಡ್ಡದ ಒಬ್ಬ ಮನುಷ್ಯ ಕುಳಿತು ಏನೋ ಜಗಿಯುತ್ತಿದ್ದ. ದೇಮವ್ವನಿಗೆ ಅವನ ಗುರುತು ಸಿಗಲಿಲ್ಲ. ಅವನಿಗೂ ಅವಳ ಗುರುತು ಸಿಗಲಿಲ್ಲ.

"ನಾನು ನಿನ್ನ ತಂಗಿ" ಎಂದಳು.

"ನನಗೆ ತಂಗಿ ಇಲ್ಲ."

"ಇಲ್ಲದಿದ್ದರೆ ಬೇಡ. ಒಂದು ಕೆಲಸವಿದೆ, ಅದನ್ನಾದರೂ ಕೇಳು." ಅವಳು ಎರವಲಿನ ಸಂಗತಿಯನ್ನೆಲ್ಲ ಹೇಳಿದಳು. ಇಂದಿನಿಂದ ನಾಲ್ಕನೆಯ ದಿನ ಹೊತ್ತು ನೆತ್ತಿಗೆ ಬಂದಾಗ ಅವಳು ಉರಿಗೋಟೆಯಲ್ಲಿ, ಅವನು ಮಂಜುಗೋಟೆಯಲ್ಲಿ ನಿಂತಿರಬೇಕು.

"ನಾನು ಹೋಗದಿದ್ದರೆ?"

"ನಮ್ಮ ದಂಡೆ ಸಾಯುತ್ತದೆ."

"ನೀನು ಹೋಗದಿದ್ದರೆ?"

"ನಿಮ್ಮದು."

"ಚೆನ್ನಾಗಿದೆ ವ್ಯವಹಾರ! ಗುರುತಿಲ್ಲದವಳ ಮಾತು ನಂಬಿ ನಾನು ಊರನ್ನೇ ಒತ್ತೆ ಇಡಬೇಕೋ?"

"ನನಗೂ ನಿನ್ನ ಗುರುತಿಲ್ಲ" ಎಂದಳು ದೇಮವ್ವ. "ನನ್ನಲ್ಲಿ ಉಳಿದಿರುವುದು ಒಂದೇ. ನನ್ನ ಅಣ್ಣ ಹುಣಸೆಬೀಜ ಬಿಡಿಸಿ ನನ್ನ ಮುಂದಿಡುತ್ತಿದ್ದ. ನೀನು ಈಗ ಏನು ಮಾಡುತ್ತಿದ್ದೀಯ, ನೋಡಿಕೋ."

ಸಂಕ ಕೆಳಗೆ ನೋಡಿದ. ಬಂಡೆಯ ಮೇಲೆ, ಅವಳ ಮೊಣಕಾಲಿನ ಪಕ್ಕ, ಸಿಪ್ಪೆ ಬಿಡಿಸಿದ ಐದು ಬೀಜ ಸಾಲಾಗಿದ್ದವು. ಮಾತಿನ ನಡುವೆ ಅವನ ಕೈ ಅದನ್ನು ತಾನಾಗಿಯೇ ಮಾಡಿತ್ತು.

"ನಿನ್ನ ಹೆಸರೇನು?"

"ದೇಮವ್ವ."

"ನೆನಪಾಗುತ್ತಿಲ್ಲ ದೇಮವ್ವ. ಆದರೆ ಹೋಗುತ್ತೇನೆ."

ಅಂದು ರಾತ್ರಿಯೇ ಹೊಳೆ ದಾಟಿ ಹಿಂದಿರುಗಿದ ದೇಮವ್ವ ಹಸಿದ ಸಿಂಹವನ್ನು ಕರೆದುಕೊಂಡು ಬಡಗಣಕ್ಕೆ ನಡೆದಳು. ನಾಲ್ಕನೆಯ ದಿನ ಅವಳು ಸಿಂಹದೊಡನೆ ಉರಿಗೋಟೆಯ ಬಾಗಿಲಲ್ಲಿ ನಿಂತಳು. ಬಲಗೈ ಮುಷ್ಟಿಯಲ್ಲಿ ಹಾಲಹೊಳೆಯ ಮಣ್ಣಿತ್ತು. ಧೂಮಕೇತ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಹೊರಗೆ ಬಂದ.

"ಹಿಂದಿರುಗಿಸುವುದೇ? ಹುಚ್ಚಿ! ಇನ್ನೊಂದು ಸಿಂಹ ಕೊಡುತ್ತೇನೆ, ಎರಡನ್ನೂ ಹೊಡೆದುಕೊಂಡು ಹೋಗು."

"ಬೇಡ."

"ನಿನ್ನನ್ನೇ ರಾಣಿ ಮಾಡುತ್ತೇನೆ. ದೇವರಸ ಯಾರು, ಮಾಚರಸ ಯಾರು? ನನಗೆ ಇಬ್ಬರೂ ಒಂದೇ."

"ಅದು ಗೊತ್ತು. ಬೇಡ."

ಆಗ ಧೂಮಕೇತ ನಕ್ಕು, ಗೋಡೆಯ ಮೇಲಿನ ಮಾಯಾಕನ್ನಡಿಯನ್ನು ತೋರಿಸಿದ. ಕನ್ನಡಿಯಲ್ಲಿ ಮಂಜುಗೋಟೆಯ ಬಾಗಿಲು ಕಂಡಿತು. ಬಾಗಿಲಿನ ಹೊರಗೆ ಸಂಕ ಮರದಡಿ ಸುಮ್ಮನೆ ಕುಳಿತಿದ್ದ. ಸರ್ಪ ಅವನ ಪಕ್ಕದಲ್ಲೇ ಇತ್ತು.

"ನೋಡಿದೆಯಾ? ಅವನು ಕೊಡುವುದಿಲ್ಲ. ನೀನು ಕೊಟ್ಟೆಯೋ, ನಾಳೆ ನಿನ್ನ ಊರಿಲ್ಲ. ಸಿಂಹವನ್ನು ಇಟ್ಟುಕೋ ಮಗಳೇ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ."

ದೇಮವ್ವ ಕನ್ನಡಿಯಿಂದ ಕಣ್ಣು ತೆಗೆದು ನೆಲ ನೋಡಿದಳು. ಅವಳ ನೆರಳು ಕುಗ್ಗಿ ಕುಗ್ಗಿ ಪಾದದೊಳಗೆ ಸೇರುತ್ತಿತ್ತು. ಹೊತ್ತು ನೆತ್ತಿಗೆ ಬಂದಿತ್ತು.

"ಎರವಲು ತಂದದ್ದನ್ನು ಹಿಂದಕ್ಕೆ ತಂದಿದ್ದೇನೆ. ತೆಗೆದುಕೊಳ್ಳಿ" ಎಂದಳು.

ಧೂಮಕೇತನ ಕೈಗಳು ಅವನ ಮಾತು ಕೇಳದೆ ಮುಂದೆ ಬಂದು ಬೊಗಸೆಯಾದವು. "ಬರೀ ಮಣ್ಣು! ಇದನ್ನು ತುಂಬಿದ ಕೈ ಎನ್ನುತ್ತಾರೆಯೇ?" ಎಂದು ಅವನು ಕಿರುಚಿದ.

"ಕುಂಬಾರರ ಮನೆಯಲ್ಲಿ ಎನ್ನುತ್ತಾರೆ" ಎಂದು ದೇಮವ್ವ ಮಣ್ಣನ್ನು ಬೊಗಸೆಗೆ ಸುರಿದಳು.

ಸಿಂಹ ಒಂದೇ ನೆಗೆತಕ್ಕೆ ಕೋಟೆಯೊಳಗೆ ಹೋಯಿತು. ಅದಕ್ಕೆ ಐದು ದಿನದ ಹಸಿವು. ಅಲ್ಲಿ ತಿನ್ನಲು ಧೂಮಕೇತನ ನೆನಪುಗಳಲ್ಲದೆ ಬೇರೇನೂ ಇರಲಿಲ್ಲ. ಅದು ಮೊದಲು ಅವನ ಮಂತ್ರಗಳನ್ನು ತಿಂದಿತು, ಆಮೇಲೆ ಹಗೆಯನ್ನು. ತಿಂದು ಮುಗಿದಾಗ ಸಿಂಹ ಒಂದು ಕಿಡಿಯಾಗಿ ಆರಿಹೋಯಿತು. ಹೊಸ್ತಿಲ ಮೇಲೆ ಒಬ್ಬ ಮುದುಕ ಕುಳಿತು, "ನಾನು ಯಾರ ಮೇಲೆ ಸಿಟ್ಟಾಗಿದ್ದೆ?" ಎಂದು ಕೇಳುತ್ತಿದ್ದ.

ಮಂಜುಗೋಟೆಯಲ್ಲೂ ಅದೇ ಗಳಿಗೆಯಲ್ಲಿ ಅದೇ ಆಯಿತು. ಸಂಕ ಬೆಳಿಗ್ಗೆಯೇ ಅಲ್ಲಿ ತಲುಪಿ, ಮರದಡಿ ಹೊತ್ತು ಕಾಯುತ್ತ ಕುಳಿತಿದ್ದನಷ್ಟೇ.

ಏಳನೆಯ ದಿನ ಎರಡು ಪಡೆಗಳೂ ಹೊಳೆಯ ದಡಕ್ಕೆ ಬಂದವು. ಸಿಂಹವೂ ಇಲ್ಲ, ಸರ್ಪವೂ ಇಲ್ಲ. ದೇವರಸ ಮಾಚರಸರ ಕೈಯಲ್ಲಿ ಮತ್ತೆ ಕೋಲುಗಳೇ ಉಳಿದವು. ಅವರು ನೀರಿನ ನಡುವೆ ಮೊಣಕಾಲು ಮುಳುಗಿ ನಿಂತು, ಸಂಜೆಯವರೆಗೆ ಬೈದಾಡಿ, ಸುಸ್ತಾಗಿ, ವರ್ಷ ಬಿಟ್ಟು ವರ್ಷ ಆಳುವುದೆಂದು ಒಪ್ಪಿದರು.

ಮೃಗಗಳು ತಿಂದ ನೆನಪುಗಳು ಮಾತ್ರ ಮರಳಲಿಲ್ಲ. ಆದ್ದರಿಂದ ಸೇತುವೆ ಕಟ್ಟಿದ ಮೇಲೆ ಜನ ಹೊಳೆ ದಾಟಿ, ಗುರುತಿಲ್ಲದ ಮನೆಗಳ ಬಾಗಿಲು ತಟ್ಟಿ, "ನಾವು ನಿಮಗೆ ಏನಾಗಬೇಕು?" ಎಂದು ಕೇಳತೊಡಗಿದರು. ಒಳಗಿನವರು ಬನ್ನಿ ಎಂದು ಚಾಪೆ ಹಾಸಿದರು. ಕೆಲವರಿಗೆ ಬಳಗ ಮೊದಲಿಗಿಂತ ದೊಡ್ಡದೇ ಆಯಿತು. ತೊರೆನಾಡು ಮತ್ತೆ ಸುಖವಾಗಿ ಉಂಡು ಉಟ್ಟು ಬಾಳಿತು.

ಸಂಕ ತಂಗಿಯ ಮನೆಗೆ ಬಂದ. ಅವನಿಗೆ ಮೂಡಣದ ಮನೆ, ಜಗಲಿ, ತೀರಿಹೋದ ಅವ್ವ, ಯಾವುದೂ ನೆನಪಿರಲಿಲ್ಲ.

"ಅವ್ವ ಹೇಗಿದ್ದಳು ಹೇಳು" ಎಂದ.

ದೇಮವ್ವ ಒಲೆಯ ಮುಂದೆ ಕುಳಿತು ಹೇಳಿದಳು. ಅವ್ವ ಕುಳ್ಳಗಿದ್ದಳು. ಹಾಡುವಾಗ ಕಣ್ಣು ಮುಚ್ಚುತ್ತಿದ್ದಳು. ಬೆಳಿಗ್ಗೆ ಬಿಸಿ ರೊಟ್ಟಿ ಮಡಚಿ ಇಬ್ಬರಿಗೆಂದು ಎರಡು ತಟ್ಟೆ ಇಡುತ್ತಿದ್ದಳು.

"ಒಂದು ನಿನಗೆ. ಇನ್ನೊಂದು ಯಾರಿಗೆ?"

ದೇಮವ್ವ ನೆನಪಿಸಿಕೊಂಡಳು. ತಟ್ಟೆ ಕಂಡಿತು, ರೊಟ್ಟಿ ಕಂಡಿತು. ಅದರ ಮುಂದೆ ಕುಳಿತವರ ಜಾಗ ಖಾಲಿಯಿತ್ತು. ಅವಳು ಅಣ್ಣನ ಮುಖ ನೋಡಿದಳು.

"ನಿನಗೇ ಇರಬೇಕು" ಎಂದಳು.